ನಕ್ಷೆಯಲ್ಲಿ ನಮ್ಮ ಹೊಲಕ್ಕೆ ಹಸಿರು ಬಣ್ಣ ಬಂದಿದೆ, ಸರ್ಕಾರ ತಗೊಂಡುಬಿಡುತ್ತಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ತಾಲ್ಲೂಕು ಕಚೇರಿ ಮುಂದಿನ ಟೀ ಅಂಗಡಿಯಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ರಾತ್ರಿ ಹತ್ತು ಗಂಟೆಗೆ ಫೋನಿನಲ್ಲೂ ಹೇಳಿದ್ದೇನೆ. ಕಳೆದ ವಾರ ನಮ್ಮ ಕೋಲಾರದ ವೇಮಗಲ್ ಕಡೆಯ ಯಜಮಾನರೊಬ್ಬರು ಮಗನ ಮೊಬೈಲ್ ಹಿಡಿದು ಬಂದರು. ಅದರಲ್ಲಿ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಮಾಸ್ಟರ್ ಪ್ಲಾನ್ ನಕ್ಷೆ, ಅಂದರೆ ಯಾವ ಜಮೀನು ಯಾವ ಬಳಕೆಗೆ ಅಂತ ಯೋಜನಾ ಪ್ರಾಧಿಕಾರ ಬಣ್ಣ ಹಚ್ಚಿ ಗುರುತಿಸುವ ನಕ್ಷೆ. ಅವರದು ಎರಡು ಎಕರೆ ಹನ್ನೆರಡು ಗುಂಟೆ, ಅರ್ಧ ಹಿಪ್ಪುನೇರಳೆ, ಅರ್ಧ ಟೊಮೆಟೊ. "ಸಾರ್, ನಮ್ಮದು ಹಸಿರಿಗೆ ಬಂದುಬಿಟ್ಟಿದೆ. ಗೌರ್ಮೆಂಟು ತಗೊಳ್ಳುತ್ತಂತೆ. ಅದಕ್ಕೆ ಮೊದಲೇ ಬಂದಷ್ಟಕ್ಕೆ ಕೊಟ್ಟುಬಿಡಿ ಅಂತಾನೆ ಬ್ರೋಕರು" ಅಂದರು.

ತಗೊಳ್ಳುವುದಿಲ್ಲ. ಹೊಲದ ಮೇಲಿನ ಈ ಹಸಿರು ಸಾಮಾನ್ಯವಾಗಿ ಕೃಷಿ ವಲಯದ ಗುರುತು. ಈ ಜಮೀನಿನಲ್ಲಿ ಬೇಸಾಯ ನಡೆಯಲಿ, ಇಲ್ಲಿ ಲೇಔಟೂ ಫ್ಯಾಕ್ಟರಿಯೂ ಬೇಡ ಅಂತ ಅರ್ಥ. ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ. ಭೂಮಿಯ ಬಳಕೆ ಏನು ಅಂತ ಬಣ್ಣ ಹೇಳುತ್ತದೆಯೇ ಹೊರತು, ಅದರ ಒಡೆಯ ಯಾರು ಅಂತ ಹೇಳುವುದಿಲ್ಲ. ಒಡೆಯ ಯಾರು ಅನ್ನುವುದು ಪಹಣಿಯ 9ನೇ ಕಾಲಂನಲ್ಲಿದೆ. ಮಾಸ್ಟರ್ ಪ್ಲಾನ್ ಬಂದಿತು ಅಂತ ಆ ಕಾಲಂನ ಒಂದಕ್ಷರವೂ ಬದಲಾಗುವುದಿಲ್ಲ.

ಮಾಸ್ಟರ್ ಪ್ಲಾನ್ ಹುಟ್ಟುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ. ಭೂಸ್ವಾಧೀನದ ದಾರಿಯೇ ಬೇರೆ. ಕೈಗಾರಿಕೆಗಾದರೆ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ ಮೊದಲು 28(1)ನೇ ಕಲಮಿನ ಆರಂಭಿಕ ಅಧಿಸೂಚನೆ ಬರಬೇಕು, ನಿಮಗೆ ನೋಟಿಸ್ ಬರಬೇಕು, ನಿಮ್ಮ ಆಕ್ಷೇಪಣೆ ಕೇಳಬೇಕು, ಆಮೇಲೆ 28(4) ಅಂತಿಮ ಅಧಿಸೂಚನೆ. ರಾಷ್ಟ್ರೀಯ ಹೆದ್ದಾರಿಗಾದರೆ 1956ರ ಕಾಯ್ದೆಯಡಿ 3ಎ, 3ಡಿ ಕಲಮಿನ ಅಧಿಸೂಚನೆಗಳು. ಉಳಿದ ಬಹುತೇಕ ಕೆಲಸಗಳಿಗೆ 2013ರ ಭೂಸ್ವಾಧೀನ ಕಾಯ್ದೆ. ಇದು ಯಾವುದೂ ನಕ್ಷೆಗೆ ಬಣ್ಣ ಹಚ್ಚಿದ ಮಾತ್ರಕ್ಕೆ ಆಗುವ ಕೆಲಸವಲ್ಲ. ಅನುಮಾನವಿದ್ದರೆ ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಿ. 28(1) ಆಗಿದ್ದರೆ ಸಾಮಾನ್ಯವಾಗಿ ಅಲ್ಲಿ ನಮೂದಾಗಿರುತ್ತದೆ. ಯಜಮಾನರ ಪಹಣಿ ತೆಗೆಸಿ ನೋಡಿದೆವು. ಅಲ್ಲಿದ್ದದ್ದು ಬ್ಯಾಂಕಿನ ಬೆಳೆಸಾಲ ಒಂದೇ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ನಮಗೆ ದೂರವೇನಲ್ಲ. ಅಲ್ಲಿನ ರೈತರು 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅವರು ಹೋರಾಡಿದ್ದು ಕೆಐಎಡಿಬಿ ಅಧಿಸೂಚನೆಯ ವಿರುದ್ಧ. ಹೆದರಬೇಕಾದ ಕಾಗದ, ಎದುರಿಸಬೇಕಾದ ಕಾಗದ ಅದು.

ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮೇಲೆ ಹೊಸ ರಸ್ತೆ, ಪಾರ್ಕು ಅಥವಾ ಇನ್ನಾವುದೋ ಸಾರ್ವಜನಿಕ ಉದ್ದೇಶ ಗುರುತಿಸಿದ್ದರೆ ಆ ಜಾಗವನ್ನು ಮುಂದೆ ಕೇಳುವ ಸಾಧ್ಯತೆ ಇದೆ. ಆಗಲೂ ಪುಕ್ಕಟೆ ಇಲ್ಲ, ತಾನಾಗಿಯೂ ಇಲ್ಲ. 1961ರ ಯೋಜನಾ ಕಾಯ್ದೆಯ 69ನೇ ಕಲಂ ಪ್ರಕಾರ ಪ್ಲಾನ್ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದ ಮೂಲಕ ಕೊಳ್ಳದಿದ್ದರೆ, ಸ್ವಾಧೀನದ ಕೆಲಸವನ್ನೂ ಶುರು ಮಾಡದಿದ್ದರೆ, ಆ ಗುರುತು ಬಿದ್ದುಹೋಗುತ್ತದೆ.

ಹಸಿರಿನಿಂದ ನಷ್ಟವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬದುವಿನ ಆಚೆಯವನಿಗೆ ಹಳದಿ ಬಂದು ನಿಮಗೆ ಹಸಿರು ಬಂದರೆ, ಒಂದೇ ಮಣ್ಣಿಗೆ ಎರಡು ಬೆಲೆಯಾಗುತ್ತದೆ. ಆ ಸಂಕಟ ನಿಜ. ಅದನ್ನೇ ಹಿಡಿದುಕೊಂಡು "ಸರ್ಕಾರ ತಗೊಳ್ಳುತ್ತೆ" ಅಂತ ಹೆದರಿಸಿ ಅಗ್ಗಕ್ಕೆ ಬರೆಸಿಕೊಳ್ಳುವವರಿದ್ದಾರೆ. ಬರೆಸಿಕೊಂಡ ಮೇಲೆ ಅವರು ಅದೇ ಕಾಯ್ದೆಯ 14ಎ ಕಲಂ ಅಡಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ. ಆ ಅರ್ಜಿಯನ್ನು ಜಮೀನಿನ ಮಾಲೀಕರಾಗಿ ನೀವೂ ಹಾಕಬಹುದಿತ್ತು. ಹೀಗೆ ಹೆದರಿ ಜಮೀನು ಕಳೆದುಕೊಂಡವರ ಮನೆಗಳಿಗೆ ನಾನು ಹೋಗಿದ್ದೇನೆ. ಅದಕ್ಕೇ ಈ ಮಾತನ್ನು ಇಷ್ಟು ಎಳೆದು ಹೇಳುತ್ತಿದ್ದೇನೆ.

ಹಳದಿ ಬಂದವರೂ ಹಿಗ್ಗುವುದು ಬೇಡ. ಪ್ರಾಧಿಕಾರದಿಂದ ಲೇಔಟ್ ನಕ್ಷೆ ಮಂಜೂರಾಗದೆ ಹಳದಿ ಜಮೀನು ಸೈಟ್ ಆಗುವುದಿಲ್ಲ.

ಇನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ನಕ್ಷೆಯಲ್ಲಿ ಕಾಲುವೆ ಎಲ್ಲಿದೆ?

ಎಲ್ಲರೂ ತಮ್ಮ ಸರ್ವೆ ನಂಬರಿನ ಬಣ್ಣ ನೋಡಿ ಮೊಬೈಲ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಮಗಿರುವುದು ಸರಪಳಿಯಂತೆ ಕಟ್ಟಿದ ಕೆರೆಗಳು. ಮೇಲಿನ ಕೆರೆಯ ಕೋಡಿ ಹರಿದರೆ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ನೀರು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆಸಿ ವ್ಯಾಲಿಯಿಂದ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಲಕ್ಷ್ಮೀಸಾಗರ ಕೆರೆಗೆ ಬಿದ್ದಾಗಲೂ ಮುಂದಿನ ಕೆರೆಗಳಿಗೆ ಅದು ಹೋಗಿದ್ದು ಬಹುಮಟ್ಟಿಗೆ ಇದೇ ಹಳೆಯ ದಾರಿಯಲ್ಲಿ. 126 ಕೆರೆ ತುಂಬಿಸುವ ಯೋಜನೆ ನಿಂತಿರುವುದೇ ನಮ್ಮ ಹಿರಿಯರು ತೋಡಿದ ಕಾಲುವೆಗಳನ್ನು ನಂಬಿಕೊಂಡು. ವರ್ಷಗಟ್ಟಲೆ ಒಣಗಿದ್ದ ಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವರು, ಮುಚ್ಚಿ ಸೈಟ್ ಮಾಡಿದವರು, 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ನೀರಿನ ದಾರಿ ಯಾವುದು ಅಂತ ಕಣ್ಣಾರೆ ಕಂಡರು.

ಮಾಸ್ಟರ್ ಪ್ಲಾನ್ ನಕ್ಷೆಯ ಅಳತೆಗೆ ಸಣ್ಣ ಹಳ್ಳ, ಪೋಷಕ ಕಾಲುವೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಅವು ಇರುವುದು ಗ್ರಾಮ ನಕ್ಷೆಯಲ್ಲಿ, ಸರ್ವೆ ಟಿಪ್ಪಣಿಯಲ್ಲಿ, ಬಿ ಖರಾಬು (ದಾರಿ, ಹಳ್ಳ, ಕಾಲುವೆಯಂಥ ಸಾಗುವಳಿಗೆ ಸೇರದ ಜಾಗ) ಅಂತ ಬರೆದ ಗುಂಟೆಗಳಲ್ಲಿ. ಬಿ ಖರಾಬು ಯಾರ ಪಹಣಿಯೊಳಗೆ ಕೂತಿದ್ದರೂ ಸಾರ್ವಜನಿಕರದ್ದು, ಮಾರುವಂತಿಲ್ಲ. ಹಾಗಾಗಿ ತಾತ್ಕಾಲಿಕ, ಅಂದರೆ ಇನ್ನೂ ಅಂತಿಮವಾಗದ ಮಾಸ್ಟರ್ ಪ್ಲಾನ್ ಪ್ರಕಟವಾದಾಗ ಅದರ ನಕ್ಷೆಯನ್ನೂ ಗ್ರಾಮ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಕ್ಷೇಪಣೆಗೆ ಕಾನೂನು 60 ದಿನ ಕೊಟ್ಟಿದೆ. ವಕೀಲರು ಬೇಕಿಲ್ಲ. ಬಿಳಿ ಹಾಳೆಯಲ್ಲಿ ಸರ್ವೆ ನಂಬರ್ ಬರೆದು, ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ, ಪ್ರಾಧಿಕಾರದ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.

ಯಜಮಾನರಿಗೆ ಅವರ ಊರಿನ ಗ್ರಾಮ ನಕ್ಷೆ ಬಿಡಿಸಿ ತೋರಿಸಿದೆ. ಕನ್ನಡಕ ಏರಿಸಿಕೊಂಡು, ಕೆರೆಯ ಕೋಡಿಯಿಂದ ಬೆರಳಿಟ್ಟು ಕಾಲುವೆಯ ಜೋಡಿಗೆರೆ ಹಿಡಿದು ಬಂದರು. ಅವರ ಹೊಲ ದಾಟಿ, ಹಳದಿ ಬಂದ ಪಕ್ಕದವರ ಜಮೀನಿನ ನಡುವೆ ಬೆರಳು ನಿಂತಿತು. "ಇಲ್ಲಿ ಹೊಂಗೆ ಸಾಲಿತ್ತು ಸಾರ್. ನಮ್ಮಪ್ಪ ಎಮ್ಮೆ ಮೈ ತೊಳೀತಿದ್ದರು" ಅಂದರು. ಮಾಸ್ಟರ್ ಪ್ಲಾನಿನ ಹಳದಿಯೊಳಗೆ ಆ ಗೆರೆ ಇರಲಿಲ್ಲ.

ಅವರ ಜಮೀನು ಮಾರುವ ಮಾತು ಅಲ್ಲಿಗೆ ನಿಂತಿತು. ಆಕ್ಷೇಪಣೆ ಅರ್ಜಿಗೆ ಊರಿನ ಇನ್ನೂ ಹನ್ನೊಂದು ಜನರ ಸಹಿ ಹಾಕಿಸಿಕೊಂಡು ಸೋಮವಾರ ಬರುತ್ತೇನೆ ಅಂತ ಹೇಳಿ ಹೋಗಿದ್ದಾರೆ.