ಆನೆಗಳನ್ನು ನಂಬಿಕೊಂಡ ಮರಸೌತೆ

ಆಫ್ರಿಕಾದ ಸಾಸೇಜ್ ಮರದಲ್ಲಿ ಅರ್ಧ ಮೀಟರ್ ಉದ್ದದ ಕಾಯಿ ಮಾಮೂಲಿ. ಒಂದೊಂದು 5ರಿಂದ 10 ಕಿಲೋ ತೂಗುತ್ತದೆ, ಹಗ್ಗದಂಥ ಉದ್ದ ತೊಟ್ಟಿನ ತುದಿಯಲ್ಲಿ ಜೋತಾಡುತ್ತಿರುತ್ತದೆ. ಕನ್ನಡದಲ್ಲಿ ಇದಕ್ಕೆ ಮರಸೌತೆ ಅಂತಾರೆ, ಸಸ್ಯಶಾಸ್ತ್ರದ ಹೆಸರು ಕಿಗೇಲಿಯ ಆಫ್ರಿಕಾನ. ಲಾಲ್‌ಬಾಗ್‌ನಲ್ಲೂ ನೋಡಬಹುದು. ಕೆಳಗೆ ಗಾಡಿ ಮಾತ್ರ ನಿಲ್ಲಿಸಬೇಡಿ.

ಇದರ ನೆಂಟರನ್ನು ನೋಡಿದರೆ ಆಶ್ಚರ್ಯ ಇನ್ನೂ ಜಾಸ್ತಿಯಾಗುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಹೂ ಸುರಿಸುವ ಜಕರಂಡ, ಟಬೆಬೂಯ, ಆಕಾಶಮಲ್ಲಿಗೆ, ನೀರುಕಾಯಿ ಮರ, ನಮ್ಮ ಕಾಡಿನ ಪಾದರಿ, ಅದರ ಜೊತೆಗೇ ಆಯುರ್ವೇದದ ದಶಮೂಲಕ್ಕೆ ಸೇರುವ ಶ್ಯೋನಾಕ, ಎಲ್ಲವೂ ಬಿಗ್ನೋನಿಯೇಸಿ ಎಂಬ ಒಂದೇ ಕುಟುಂಬದವು. ಇವುಗಳಲ್ಲಿ ಯಾವುದರ ಒಣ ಕಾಯಿ ಬಿರಿದರೂ ಒಳಗಿರುವುದು ತೆಳ್ಳನೆಯ ರೆಕ್ಕೆಯ ಬೀಜ. ಗಾಳಿ ಬೀಸಿದರೆ ಸಾಕು, ಹಾರಿ ಹೋಗುತ್ತದೆ.

ಮರಸೌತೆ ಗಾಳಿಯ ಸಹವಾಸವನ್ನೇ ಬಿಟ್ಟುಬಿಟ್ಟಿದೆ. ಕಾಯಿ ತಾನಾಗಿ ಬಿರಿಯುವುದೇ ಇಲ್ಲ. ಒಳಗೆಲ್ಲ ನಾರು ನಾರಾದ ತಿರುಳು, ಅದರಲ್ಲಿ ಹುದುಗಿದ ರೆಕ್ಕೆಯಿಲ್ಲದ ಗಟ್ಟಿ ಬೀಜಗಳು. ಯಾರಾದರೂ ಒಡೆದು ತಿಂದು, ದೂರ ಹೋಗಿ ಲದ್ದಿ ಹಾಕಿದರೆ ಬೀಜಕ್ಕೆ ಹೊಸ ಜಾಗ ಸಿಕ್ಕಿತು ಅಂತ ಅರ್ಥ. ಆಫ್ರಿಕಾದ ನದಿ ದಂಡೆಗಳಲ್ಲಿ ಆ ಕೆಲಸಕ್ಕೆ ಆನೆ, ನೀರಾನೆ, ಬಬೂನ್, ಮುಳ್ಳುಹಂದಿ ಎಲ್ಲ ಇವೆ.

ಹೂವಿನ ಪರಾಗಸ್ಪರ್ಶಕ್ಕೂ ಇದು ರಾತ್ರಿಯ ಬಾವಲಿಗಳನ್ನೇ ನೆಚ್ಚಿಕೊಂಡಿದೆ. ಕಡು ಕೆಂಪಿನ, ಅಂಗೈ ತುಂಬುವಷ್ಟು ದೊಡ್ಡ ಹೂ ಸಂಜೆ ಅರಳುತ್ತದೆ. ವಾಸನೆ ನಮಗೆ ಹಿಡಿಸುವಂಥದ್ದಲ್ಲ, ಆದರೆ ಒಳಗೆ ಮಕರಂದ ಧಾರಾಳ. ಎಲೆಗಳ ಗುಂಪಿನಿಂದ ಕೆಳಗೆ ಇಳಿಬಿದ್ದಿರುವುದರಿಂದ ಬಾವಲಿಗೆ ರೆಕ್ಕೆ ಬಡಿಯಲು ಜಾಗವೂ ಸಿಗುತ್ತದೆ. ಬೆಳಗಾಗುವಷ್ಟರಲ್ಲಿ ಹೂ ಉದುರಿರುತ್ತದೆ. ಆಯ್ದು ನೋಡಿ, ದಪ್ಪ ದಳದ ಮೇಲೆ ಬಾವಲಿ ಉಗುರಿನ ಗೀರು ಕಂಡರೂ ಕಾಣಬಹುದು. ಆಫ್ರಿಕಾದಲ್ಲಿ ಉದುರಿದ ಹೂವಿಗೆ ಇಂಪಾಲ, ಕುಡು ಜಿಂಕೆಗಳು ಮರದಡಿ ಬಂದು ಸೇರುತ್ತವೆ.

ಹಸಿ ಕಾಯಿ ಮನುಷ್ಯರಿಗೆ ವಿಷ, ಸುಮ್ನೆ ರುಚಿ ನೋಡಲೂ ಹೋಗಬಾರದು. ಆದರೂ ಅಲ್ಲಿಯ ಜನ ಈ ಮರವನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಕೀನ್ಯಾದ ಕಿಕುಯು ಜನ ಜೇನು ಅಥವಾ ಕಬ್ಬಿನ ಹಾಲಿಗೆ ಇದರ ಒಣಗಿಸಿದ ಕಾಯಿ ಹಾಕಿ ಮುರಾಟಿನಾ ಎಂಬ ಪಾನೀಯ ಹುಳಿಯಿಸುತ್ತಾರೆ. ಬೋಟ್ಸ್ವಾನಾದ ಒಕವಾಂಗೊದಲ್ಲಿ ಇದರ ದಿಮ್ಮಿ ಕೊರೆದು ದೋಣಿ ಮಾಡುತ್ತಿದ್ದರು.

ಇದೇ ಕುಟುಂಬದ ಇನ್ನೊಂದು ಮರ, ಕ್ರೆಸೆಂಷಿಯಾ, ಇರುವುದು ಸಾಗರದಾಚೆಯ ಮಧ್ಯ ಅಮೆರಿಕದಲ್ಲಿ. ಅದೂ ಬಾವಲಿಗಾಗಿ ರಾತ್ರಿ ಅರಳುತ್ತದೆ, ಅದೂ ತಾನಾಗಿ ಬಿರಿಯದ ಗಟ್ಟಿ ಬುರುಡೆಕಾಯಿ ಬಿಡುತ್ತದೆ. ಇವೆರಡೂ ಹತ್ತಿರದ ನೆಂಟರೇನಲ್ಲ, ಬೇರೆ ಬೇರೆಯಾಗಿಯೇ ಈ ದಾರಿ ಹಿಡಿದವು. ಆದರೆ ಅಲ್ಲಿ ಕಾಯಿ ಒಡೆಯುವ ಆನೆಗಳಿಲ್ಲವಲ್ಲ? ಒಂದು ಕಾಲದಲ್ಲಿ ಆನೆಯ ಬಳಗದ ಗೊಂಫೊಥೀರ್‌ಗಳಿದ್ದವು, ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋದವು. ಇಂಥ ಕಾಯಿಗಳನ್ನು ತಿಂದು ಬೀಜ ಹರಡುತ್ತಿದ್ದುದು ಅವೇ ಇರಬೇಕು ಎಂದು ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ ಮತ್ತು ಪಾಲ್ ಮಾರ್ಟಿನ್ 1982ರಲ್ಲಿ ವಾದಿಸಿದರು. ಈಗ ಕೋಸ್ಟರಿಕಾದಲ್ಲಿ ಆ ಕಾಯಿ ಒಡೆದು ತಿನ್ನುವುದು ಕುದುರೆಗಳು. ಸ್ಪೇನಿನವರು ಕರೆತಂದ ಕುದುರೆಗಳ ಸಂತತಿ.