ಸೋವಿಯತ್ ಕಾರ್ಖಾನೆಗಳಿಗೆ ಹಣ ಕೊಟ್ಟದ್ದು ಸಾಮೂಹಿಕ ಬೇಸಾಯವೇ?

ಓದುಗರ ಪ್ರಶ್ನೆ: ಸ್ಟಾಲಿನ್ ಕಾಲದಲ್ಲಿ ಸೋವಿಯತ್ ಒಕ್ಕೂಟವು ಹತ್ತು ಹನ್ನೆರಡು ವರ್ಷಗಳಲ್ಲಿ ಭಾರೀ ಕೈಗಾರಿಕೆಗಳನ್ನು ಕಟ್ಟಿತು. ಅದಕ್ಕೆ ಬೇಕಾದ ಬಂಡವಾಳವನ್ನು ಸಾಮೂಹಿಕ ಬೇಸಾಯದ ಮೂಲಕ ರೈತರಿಂದ ಹಿಂಡಲಾಯಿತು ಎನ್ನುತ್ತಾರೆ. ಇದು ನಿಜವೇ? ಆ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲವೇ?

ಉತ್ತರ: ಸ್ಟಾಲಿನ್ನನ ಅಭಿಮಾನಿಗಳೂ ಕಡುವಿರೋಧಿಗಳೂ ಒಪ್ಪುವ ಅಪರೂಪದ ಸಂಗತಿಗಳಲ್ಲಿ ಇದೂ ಒಂದು. ಕ್ರೂರವಾದರೂ ಅನಿವಾರ್ಯವಾಗಿತ್ತು ಎಂದು ಅವರು, ರೈತನ ಅನ್ನ ಕಿತ್ತು ಉಕ್ಕು ಮಾಡಿದರು ಎಂದು ಇವರು. ರೈತರನ್ನು ಹಿಂಡಿದ್ದು ನಿಜ. ಆದರೆ ಹಿಂಡಿದ್ದರಿಂದ ಕೈಗಾರಿಕೆಗೆ ನಿವ್ವಳವಾಗಿ ಎಷ್ಟು ದಕ್ಕಿತು ಎಂದು ಲೆಕ್ಕ ಹಾಕಹೊರಟರೆ ಎರಡೂ ಕಡೆಯವರ ವಾದ ಸಡಿಲವಾಗುತ್ತದೆ.

ಈ ಚರ್ಚೆ ಸಾಮೂಹಿಕ ಬೇಸಾಯಕ್ಕಿಂತ ಹಳೆಯದು. ಹಿಂದುಳಿದ ಕೃಷಿಪ್ರಧಾನ ದೇಶದಲ್ಲಿ ಸಮಾಜವಾದಿ ಕೈಗಾರಿಕೆಗೆ ಮೂಲ ಬಂಡವಾಳ ರೈತಾಪಿ ವಲಯದಿಂದಲೇ ಬರಬೇಕು, ಅದಕ್ಕಾಗಿ ಕಾರ್ಖಾನೆಯ ಸರಕಿಗೆ ಹೆಚ್ಚು ಬೆಲೆಯನ್ನೂ ಧಾನ್ಯಕ್ಕೆ ಕಡಿಮೆ ಬೆಲೆಯನ್ನೂ ಇಡಬೇಕು ಎಂದು 1920ರ ದಶಕದಲ್ಲೇ ಕಮ್ಯುನಿಸ್ಟ್ ಪಕ್ಷದ ಅರ್ಥಶಾಸ್ತ್ರಜ್ಞ ಪ್ರಿಯೊಬ್ರಾಝೆನ್‌ಸ್ಕಿ ವಾದಿಸಿದ್ದ. ರೈತ ಕೈಚೆಲ್ಲಿ ಕೂತರೆ ನಗರವೇ ಉಪವಾಸ ಬೀಳುತ್ತದೆ ಎಂದು ಪಕ್ಷದ ಇನ್ನೊಬ್ಬ ನಾಯಕ ಬುಖಾರಿನ್ ಅದನ್ನು ವಿರೋಧಿಸಿದ್ದ. 1927ರ ಕೊನೆಯಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಸರ್ಕಾರ ಕೊಡುತ್ತಿದ್ದ ಧಾನ್ಯದ ಬೆಲೆ ಕಡಿಮೆಯಿತ್ತು, ಕೈಗೆ ಬಂದ ಹಣದಲ್ಲಿ ಕೊಳ್ಳೋಣವೆಂದರೆ ಅಂಗಡಿಯಲ್ಲಿ ಬಟ್ಟೆಯೂ ಇಲ್ಲ, ಮೊಳೆಯೂ ಇಲ್ಲ; ಹೀಗಿರುವಾಗ ರೈತರು ಧಾನ್ಯವನ್ನು ಮನೆಯಲ್ಲೇ ಇಟ್ಟುಕೊಂಡರು, ದನಕರುಗಳಿಗೆ ತಿನ್ನಿಸಿದರು. 1928ರ ಜನವರಿಯಲ್ಲಿ ಸ್ಟಾಲಿನ್ ತಾನೇ ಸೈಬೀರಿಯಕ್ಕೆ ಹೋಗಿ ಬಲವಂತದ ವಸೂಲಿಗೆ ಚಾಲನೆ ಕೊಟ್ಟ. ಅದೇ ವರ್ಷ ಜುಲೈನಲ್ಲಿ ಪಕ್ಷದ ಕೇಂದ್ರ ಸಮಿತಿಯ ಮುಂದೆ, ರೈತರು ಕೊಡುತ್ತಿರುವುದು ಒಂದು ಬಗೆಯ ಕಪ್ಪಕಾಣಿಕೆಯೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದ.

ಮೊದಲ ಪಂಚವಾರ್ಷಿಕ ಯೋಜನೆಯ ಅವಧಿ 1928ರ ಅಕ್ಟೋಬರ್‌ನಿಂದ ಎಣಿಕೆಯಾಗುತ್ತದೆ. ಅದರ ಗುರಿಗಳನ್ನು ಮೇಲೆ ಮೇಲೆ ಏರಿಸುತ್ತಾ ಹೋದಂತೆ ಧಾನ್ಯದ ಹಸಿವೂ ಏರಿತು. 1929ರ ಕೊನೆಯಲ್ಲಿ ‘ಕುಲಕ್’ ಎಂದು ಕರೆಯಲಾದ ಅನುಕೂಲಸ್ಥ ರೈತರನ್ನು ವರ್ಗವಾಗಿಯೇ ಅಳಿಸುವ ನಿರ್ಧಾರ ಹೊರಬಿತ್ತು. ಮುಂದಿನ ಎರಡು ವರ್ಷಗಳಲ್ಲಿ ಸುಮಾರು 18 ಲಕ್ಷ ಜನರನ್ನು ಮನೆಮಠ ಕಿತ್ತುಕೊಂಡು ದೂರದ ಪ್ರದೇಶಗಳಿಗೆ ಸಾಗಿಸಲಾಯಿತು. ಯಾರು ಕುಲಕ್ ಎಂಬುದಕ್ಕೆ ಖಚಿತ ಅಳತೆಗೋಲು ಇರಲಿಲ್ಲವಾದ್ದರಿಂದ ರೈತರ ಹೊಲ, ದನಗಳನ್ನು ಒಟ್ಟುಗೂಡಿಸಿದ ಸಾಮೂಹಿಕ ಕೃಷಿಕ್ಷೇತ್ರವಾದ ಕೊಲ್ಖೋಜ್ ಸೇರಲು ಒಪ್ಪದ ಬಡವನೂ ಆ ಪಟ್ಟಿಗೆ ಸೇರಬಹುದಿತ್ತು. 1930ರ ಮಾರ್ಚ್ ಆರಂಭಕ್ಕೆ ಅರ್ಧಕ್ಕಿಂತ ಹೆಚ್ಚು ರೈತ ಕುಟುಂಬಗಳು ಕಾಗದದ ಮೇಲೆ ಸಾಮೂಹಿಕ ಬೇಸಾಯಕ್ಕೆ ಸೇರಿದ್ದವು. ಆಗ ಸ್ಟಾಲಿನ್, ಯಶಸ್ಸಿನ ಅಮಲೇರಿದೆ ಎಂದು ಕೆಳಗಿನ ಅಧಿಕಾರಿಗಳ ಮೇಲೆ ತಪ್ಪು ಹೊರಿಸಿ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಬರೆದ, ಬಾಗಿಲು ತುಸು ತೆರೆದದ್ದೇ ತಡ, ಬೇಸಿಗೆಯ ಹೊತ್ತಿಗೆ ಆ ಪ್ರಮಾಣ ಕಾಲು ಭಾಗದ ಆಸುಪಾಸಿಗೆ ಕುಸಿಯಿತು. ರೈತರ ಮನಸ್ಸು ಏನಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಒತ್ತಡ ಮತ್ತೆ ಆರಂಭವಾಗಿ, 1937ರ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕುಟುಂಬಗಳು ಒಳಗಿದ್ದವು.

ಈಗ ಲೆಕ್ಕಕ್ಕೆ ಬರೋಣ. ವಸೂಲಿಯ ಮಟ್ಟಿಗೆ ಸರ್ಕಾರ ಗೆದ್ದಿತು. 1928ರಲ್ಲಿ ಸುಮಾರು 1 ಕೋಟಿ 10 ಲಕ್ಷ ಟನ್ ಇದ್ದ ಧಾನ್ಯ ವಸೂಲಿ 1930 ಮತ್ತು 1931ರಲ್ಲಿ 2 ಕೋಟಿ 20 ಲಕ್ಷ ಟನ್ ಮೀರಿತು. ಆ ಎರಡು ವರ್ಷಗಳಲ್ಲಿ ವರ್ಷಕ್ಕೆ 50 ಲಕ್ಷ ಟನ್ನಿನ ಆಸುಪಾಸು ಧಾನ್ಯ ರಫ್ತಾಯಿತು. ನಮ್ಮಲ್ಲಿ ಲೆವಿ ಭತ್ತ ಅಳೆದುಕೊಟ್ಟ ಹಿರಿಯರಿಗೆ ವಸೂಲಿ ಎಂದರೇನೆಂದು ಗೊತ್ತು, ಆದರೆ ಅಲ್ಲಿನದು ಬಿತ್ತನೆ ಬೀಜಕ್ಕೂ ಕೈಹಾಕುವ ವಸೂಲಿ. ಹೀಗೆ ಗಳಿಸಿದ ವಿದೇಶಿ ಹಣದಿಂದ ಮ್ಯಾಗ್ನಿಟೊಗೋರ್ಸ್ಕ್‌ನ ಉಕ್ಕಿನ ಕಾರ್ಖಾನೆ, ಸ್ಟಾಲಿನ್‌ಗ್ರಾದ್‌ನ ಟ್ರ್ಯಾಕ್ಟರ್ ಕಾರ್ಖಾನೆಗಳಂಥ ಯೋಜನೆಗಳಿಗೆ ಅಮೆರಿಕ, ಜರ್ಮನಿಗಳಿಂದ ಯಂತ್ರಗಳೂ ತಜ್ಞರೂ ಬಂದರು. ಆದರೆ ಅದೇ ವೇಳೆಗೆ ಮಹಾ ಆರ್ಥಿಕ ಕುಸಿತದಿಂದ ವಿಶ್ವ ಮಾರುಕಟ್ಟೆಯಲ್ಲಿ ಧಾನ್ಯದ ಬೆಲೆ ನೆಲಕಚ್ಚಿದ್ದರಿಂದ, ಅದೇ ಯಂತ್ರಕ್ಕೆ ಹೆಚ್ಚು ಮೂಟೆ ತೆರಬೇಕಾಯಿತು.

ಅದಕ್ಕಿಂತ ದೊಡ್ಡ ನಷ್ಟ ಕೊಟ್ಟಿಗೆಯಲ್ಲಾಯಿತು. ಸಮೂಹಕ್ಕೆ ಒಪ್ಪಿಸುವ ಬದಲು ರೈತರು ದನಗಳನ್ನು ಕಡಿದರು. ಒಪ್ಪಿಸಿದವು ಮೇವಿಲ್ಲದೆ ಸತ್ತವು. 1929ರಲ್ಲಿ 3 ಕೋಟಿ 40 ಲಕ್ಷದಷ್ಟಿದ್ದ ಕುದುರೆಗಳು 1933ರ ವೇಳೆಗೆ ಅರ್ಧಕ್ಕೆ ಇಳಿದವು. ರಷ್ಯಾದ ಉಳುಮೆ ನಡೆಯುತ್ತಿದ್ದುದು ಕುದುರೆಯಿಂದ. ಹಾಗಾಗಿ ಹೊಸ ಕಾರ್ಖಾನೆಗಳ ಟ್ರ್ಯಾಕ್ಟರುಗಳಲ್ಲಿ ಬಹುಪಾಲು, ಉಳುಮೆಯನ್ನು ಹಿಗ್ಗಿಸುವ ಮೊದಲು, ಕಳೆದುಹೋದ ಕುದುರೆಗಳ ಜಾಗ ತುಂಬಬೇಕಾಯಿತು. ಸೋವಿಯತ್ ದೇಶದವನೇ ಆದ ಅರ್ಥಶಾಸ್ತ್ರಜ್ಞ ಬಾರ್ಸೊವ್ 1960ರ ದಶಕದ ಕೊನೆಯಲ್ಲಿ ಹಳೆಯ ಕಡತಗಳನ್ನು ತೆರೆದು ಕೂಡಿಕಳೆದಾಗ, ಹಳ್ಳಿಯಿಂದ ಹೋದದ್ದಕ್ಕೂ ಹಳ್ಳಿಗೆ ಬಂದದ್ದಕ್ಕೂ ಇರುವ ಅಂತರ ಮೊದಲ ಯೋಜನೆಯ ವರ್ಷಗಳಲ್ಲಿ ಹಿಗ್ಗಿರಲಿಲ್ಲವೆಂದು ತೋರಿತು. ಅವನ ವಿಧಾನದ ಬಗ್ಗೆ, ಅದರಲ್ಲೂ ಯಾವ ವರ್ಷದ ಬೆಲೆಯಲ್ಲಿ ಅಳೆಯಬೇಕೆಂಬುದರ ಬಗ್ಗೆ, ತಕರಾರುಗಳಿವೆ. ಆದರೂ ಆ ತೀರ್ಮಾನವನ್ನು ತಳ್ಳಿಹಾಕುವುದು ಸುಲಭವಲ್ಲ.

ಹಾಗಾದರೆ ಕೈಗಾರಿಕೆಗೆ ಹಳ್ಳಿ ಕೊಟ್ಟದ್ದೇನು? ಮುಖ್ಯವಾಗಿ ಆಳು. 1926ರ ಜನಗಣತಿಯಲ್ಲಿ ಸುಮಾರು 2 ಕೋಟಿ 60 ಲಕ್ಷವಿದ್ದ ನಗರವಾಸಿಗಳ ಸಂಖ್ಯೆ 1939ಕ್ಕೆ ಸುಮಾರು 5 ಕೋಟಿ 60 ಲಕ್ಷವಾಯಿತು; ಹಳ್ಳಿಯಲ್ಲಿ ಬಾಳಲಾರದೆ ಓಡಿಬಂದವರು, ಗಡೀಪಾರಾದ ಕುಲಕ್ ಕುಟುಂಬಗಳವರು ಕಾರ್ಖಾನೆಯ ತಳಪಾಯ ತೋಡಿದರು. ಉಳಿದ ಹೊರೆ ಕಾರ್ಮಿಕರ ಹೆಗಲಿಗೂ ಬಿತ್ತು. 1929ರಿಂದ 1935ರ ಆರಂಭದವರೆಗೆ ಬ್ರೆಡ್ಡಿಗೆ ಪಡಿತರ ಚೀಟಿ ಇತ್ತು, ಸರಕಿನ ಬೆಲೆಯಲ್ಲೇ ಸೇರಿಸಿದ್ದ ವಹಿವಾಟು ತೆರಿಗೆ ಸರ್ಕಾರದ ಬೊಕ್ಕಸ ತುಂಬುತ್ತಿತ್ತು, ನಿಜವೇತನ, ಅಂದರೆ ಸಂಬಳದ ಕೊಳ್ಳುವ ಶಕ್ತಿ, ತೀವ್ರವಾಗಿ ಕುಸಿದಿತ್ತು. ಕಾರ್ಮಿಕರ ರಾಜ್ಯವನ್ನು ಕಟ್ಟಲು ಕಾರ್ಮಿಕರೇ ಹೊಟ್ಟೆ ಕಟ್ಟಿದರು.

ಹಳ್ಳಿ ತೆತ್ತದ್ದರ ಬಹುಪಾಲು ಯಾರಿಗೂ ದಕ್ಕದೆ ಹೋದದ್ದು. 1931 ಮತ್ತು 1932ರ ಬೆಳೆ ಕೈಕೊಟ್ಟಿದ್ದರೂ ವಸೂಲಿ ನಿಲ್ಲಲಿಲ್ಲ. ಹೊಲದ ತೆನೆ ಕದ್ದವರಿಗೆ ಹತ್ತು ವರ್ಷ ಸೆರೆ ಇಲ್ಲವೇ ಮರಣದಂಡನೆ ವಿಧಿಸುವ ಕಾನೂನು 1932ರ ಆಗಸ್ಟ್ 7ರಂದು ಬಂತು. ಉಕ್ರೇನ್, ಕಝಾಕ್‌ಸ್ತಾನ, ಉತ್ತರ ಕಾಕಸಸ್, ವೋಲ್ಗಾ ಪ್ರದೇಶಗಳಲ್ಲಿ ಇದರಿಂದಾದ ಕ್ಷಾಮಕ್ಕೆ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ 50 ಲಕ್ಷದಿಂದ 80 ಲಕ್ಷದ ನಡುವೆ ಇಡುತ್ತಾರೆ. ರಫ್ತು ತಗ್ಗಿತ್ತಾದರೂ ಆ ವರ್ಷಗಳಲ್ಲೂ ಧಾನ್ಯದ ಹಡಗುಗಳು ಹೊರಡುತ್ತಿದ್ದವು.

ಇನ್ನು ಬೇರೆ ದಾರಿಯ ಮಾತು. ರಾಬರ್ಟ್ ಅಲೆನ್ ಎಂಬ ಆರ್ಥಿಕ ಇತಿಹಾಸಕಾರರು ಸಾಮೂಹಿಕ ಬೇಸಾಯವನ್ನು ಕೈಬಿಟ್ಟು, ಭಾರೀ ಕೈಗಾರಿಕೆಯಲ್ಲಿ ಸರ್ಕಾರದ ಹೂಡಿಕೆಯನ್ನಷ್ಟೇ ಉಳಿಸಿಕೊಂಡು ಮಾದರಿ ಲೆಕ್ಕ ಹಾಕಿದ್ದಾರೆ. ಬೆಳವಣಿಗೆಯ ವೇಗ ನಿಜವಾಗಿ ಆದದ್ದಕ್ಕಿಂತ ಅಲ್ಪಸ್ವಲ್ಪವೇ ಕಡಿಮೆ ಬಂತು. ಮಾದರಿ ಲೆಕ್ಕವನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ರೈತ ಮತ್ತೆ ಧಾನ್ಯ ತಡೆಹಿಡಿದಿದ್ದರೆ ಏನಾಗುತ್ತಿತ್ತು ಎಂಬ ರಾಜಕೀಯ ಭಯಕ್ಕೆ ಅದರಲ್ಲಿ ಜಾಗವಿಲ್ಲ. ಸ್ಟಾಲಿನ್ನನನ್ನು ಕಾಡಿದ್ದು ಆ ಭಯವೇ ಎಂದು ನನಗೆ ತೋರುತ್ತದೆ. ಕೊಲ್ಖೋಜ್ ಅವನಿಗೆ ಹೆಚ್ಚು ಬೆಳೆ ಕೊಡಲಿಲ್ಲ, ಬೆಳೆದವನ ಬಾಯಿಗಿಂತ ಮೊದಲು ಬೆಳೆಯ ಮೇಲೆ ಕೈಯಿಡುವ ಅಧಿಕಾರ ಕೊಟ್ಟಿತು.