ಗ್ರಿಲ್ ಇಲ್ಲದ ಡಬಲ್ ಗ್ಲೇಜ್ಡ್ ಕಿಟಕಿ: ಕಳ್ಳರಿಂದ ಎಷ್ಟು ಸೇಫ್?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್ ಹತ್ತಿರ ಹಳೇ ಮನೆಯೊಂದನ್ನು ಕೊಂಡಿದ್ದೇವೆ. ಎಲ್ಲಾ ಕಿಟಕಿಗೂ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಫ್ರೇಮು, ಡಬಲ್ ಗ್ಲೇಜಿಂಗ್. 90ರ ದಶಕದ ಶುರುವಿನಲ್ಲಿ ಹಾಕಿಸಿದ್ದಂತೆ. ಒಂದಕ್ಕೂ ಗ್ರಿಲ್ ಇಲ್ಲ. ಊರಿಂದ ಬಂದಿರುವ ಅತ್ತೆ-ಮಾವನಿಗೆ ಅದೇ ಚಿಂತೆ. ಕಿಟಕಿ ಪೂರ್ತಿ ಬದಲಾಯಿಸದೆ ಭದ್ರ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಬಹುದು, ಖರ್ಚೂ ಅಷ್ಟೇನಿಲ್ಲ. ಆದರೆ ಎಲ್ಲರೂ ಮೊದಲು ಗಾಜಿನ ಬಗ್ಗೆಯೇ ಯೋಚಿಸುತ್ತಾರೆ. ಎರಡು ಗಾಜು ಹಾಕುವುದು ಚಳಿ ಮತ್ತು ಸದ್ದು ತಡೆಯಲು. ಸಾಮಾನ್ಯವಾಗಿ 4 ಮಿ.ಮೀ. ದಪ್ಪದ ಎರಡು ಗಾಜು, ನಡುವೆ ಒಂದಿಷ್ಟು ಜಾಗ, ಅಷ್ಟೇ. ಹಾಗಂತ ಕಳ್ಳ ಅದನ್ನು ಒಡೆದೇ ಬರುತ್ತಾನೆ ಅಂತಲ್ಲ. ಒಡೆದರೆ ಅಕ್ಕಪಕ್ಕದವರಿಗೆ ಕೇಳಿಸುತ್ತದೆ, ಚೂಪು ಗಾಜಿನ ನಡುವೆ ನುಸುಳಬೇಕು. ಅವನು ಹುಡುಕುವುದು ಸದ್ದಿಲ್ಲದ ದಾರಿ.

90ರ ದಶಕದ ಶುರು ಅಂದಿರಲ್ಲ, ಅಂಥ ದಾರಿ ನಿಮ್ಮ ಮನೆಯಲ್ಲಿ ಇರಬಹುದು. ಗಾಜನ್ನು ಫ್ರೇಮಿನಲ್ಲಿ ಕೂರಿಸಿದ ಮೇಲೆ ಸುತ್ತ ನಾಲ್ಕು ಪ್ಲಾಸ್ಟಿಕ್ ಪಟ್ಟಿ ಒತ್ತಿ ಬಿಗಿ ಮಾಡುತ್ತಾರೆ. ಇದನ್ನು ಬೀಡಿಂಗ್ ಅಂತಾರೆ. ಆ ಕಾಲದ ಎಷ್ಟೋ ಕಿಟಕಿಗಳಲ್ಲಿ ಈ ಪಟ್ಟಿ ಹೊರಗಡೆಗೇ ಇರುತ್ತಿತ್ತು. ಚಪ್ಪಟೆ ಉಳಿಯಿಂದ ಮೀಟಿದರೆ ಎದ್ದು ಬರುತ್ತದೆ. ಆಮೇಲೆ ಗಾಜನ್ನು ಇಡಿಯಾಗಿ ತೆಗೆದು ಗೋಡೆಗೆ ಒರಗಿಸಿ ಒಳಗೆ ಬರಬಹುದು.

ನಿಮ್ಮದು ಯಾವ ಥರದ್ದು ಅಂತ ನೋಡುವುದು ಸುಲಭ. ಹಗಲು ಹೊತ್ತಿನಲ್ಲಿ ಹೊರಗೆ ನಿಂತು ಕಿಟಕಿಯ ಮೂಲೆಯನ್ನು ಹತ್ತಿರದಿಂದ ನೋಡಿ. ಫ್ರೇಮು ಬೆಸೆದಿರುವ ಗೆರೆ ಕಾಣುತ್ತದೆ. ಅದಕ್ಕೂ ಗಾಜಿಗೂ ನಡುವೆ ಇನ್ನೊಂದು ತೆಳು ಪಟ್ಟಿ ಇದ್ದು, ಮೂಲೆಯಲ್ಲಿ ಎರಡು ತುಂಡು ಓರೆಯಾಗಿ ಸೇರುವ ಕಡೆ ಸಣ್ಣ ಸಂದು ಕಂಡರೆ ಬೀಡಿಂಗ್ ಹೊರಗಿದೆ ಅಂತ ಅರ್ಥ. ಆ ಸಂದು ಮನೆಯೊಳಗಿನಿಂದ ಕಂಡರೆ ಈ ಚಿಂತೆ ಬಿಡಿ.

ಹೊರಗಿದ್ದರೆ ಗಾಜಿನ ಕೆಲಸದವರನ್ನು ಕರೆದು, ಗಾಜು ಮತ್ತು ಫ್ರೇಮಿನ ನಡುವೆ ಎರಡೂ ಕಡೆ ಅಂಟುವ ಸೆಕ್ಯುರಿಟಿ ಟೇಪ್ ಹಾಕಿಸಿ. ಪಟ್ಟಿ ಕಿತ್ತರೂ ಗಾಜು ಸುಲಭಕ್ಕೆ ಅಲ್ಲಾಡುವುದಿಲ್ಲ. ಕೆಲವರು ಬೀಡಿಂಗಿಗೇ ಸಿಲಿಕೋನ್ ಬಳಿದುಬಿಡುತ್ತಾರೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಮುಂದೆ ಗಾಜು ಬದಲಾಯಿಸುವಾಗ ಬಿಡಿಸಲು ಒದ್ದಾಡಬೇಕು.

ಅಷ್ಟು ಹಳೇ ಕಿಟಕಿಯಲ್ಲಿ ಒಂದೆರಡು ಗಾಜಿನ ನಡುವೆ ಮಂಜು ಕಟ್ಟಿರಲೂಬಹುದು. ಹೇಗೂ ಬದಲಾಯಿಸಬೇಕಲ್ಲ, ಆಗ ಕೆಳಮಹಡಿಗೆ ಎರಡರಲ್ಲಿ ಒಂದು ಗಾಜನ್ನಾದರೂ ಲ್ಯಾಮಿನೇಟೆಡ್ ಕೇಳಿ. ಟಫನ್ಡ್ ಗಾಜನ್ನೇ ಕಳ್ಳರನ್ನು ತಡೆಯುವ ಗಾಜು ಅಂದುಕೊಂಡವರು ಬಹಳ. ಅದು ಜನರಿಗೆ ಗಾಯವಾಗದಿರಲಿ ಅಂತ ಮಾಡಿದ್ದು. ಒಡೆದರೆ ಕಲ್ಲುಸಕ್ಕರೆ ಚೂರಿನ ಹಾಗೆ ಪೂರ್ತಿ ಉದುರಿಬಿಡುತ್ತದೆ, ಕಳ್ಳನಿಗೆ ಉಪಕಾರವೇ! ಲ್ಯಾಮಿನೇಟೆಡ್‌ನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. 6.4 ಮಿ.ಮೀ. ಅಂತ ಮಾರುವುದು 3 ಮಿ.ಮೀ.ನ ಎರಡು ಗಾಜು, ನಡುವೆ 0.38 ಮಿ.ಮೀ. ಪದರ. ಗಾಜು ದಪ್ಪವಾದಷ್ಟು ಡಬಲ್ ಗ್ಲೇಜಿಂಗಿನ ನಡುವಿನ ಖಾಲಿ ಜಾಗ ಕಮ್ಮಿ ಮಾಡಿಸಿ. ಒಟ್ಟು ದಪ್ಪ ಮೊದಲಿನಷ್ಟೇ ಇರಬೇಕು, ಇಲ್ಲದಿದ್ದರೆ ಬೀಡಿಂಗ್ ಕೂರುವುದಿಲ್ಲ.

ಇನ್ನು ಹಿಡಿಕೆ. ಕೀಲಿ ಇಲ್ಲದ್ದಾದರೆ ಕೀಲಿ ಇರುವುದನ್ನು ಹಾಕಿ. ನೀವೇ ಹಾಕಬಹುದು, ಎರಡು ಸ್ಕ್ರೂ ಅಷ್ಟೇ. ಕೊಳ್ಳುವ ಮುಂಚೆ ಹಳೇದನ್ನು ಬಿಚ್ಚಿ, ಹಿಂದೆ ಚಾಚಿರುವ ಚೌಕ ಕಂಬಿಯ ಉದ್ದ ಅಳೆದುಕೊಳ್ಳಿ. ಅದು ಹೊಂದದಿದ್ದರೆ ಸುಮ್ನೆ ಅಂಗಡಿಗೆ ಅಲೆದಾಟ. ಹಿಂಜಿನ ಕಡೆ ಸಡಿಲ ಅನ್ನಿಸಿದರೆ ಹಿಂಜ್ ಗಾರ್ಡ್ ಸಿಗುತ್ತದೆ. ಒಂದು ತುಂಡು ಫ್ರೇಮಿಗೆ, ಇನ್ನೊಂದು ಕಿಟಕಿಯ ತೆರೆಯುವ ಬಾಗಿಲಿಗೆ. ಮುಚ್ಚಿದಾಗ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಿಟಕಿ ತೆರೆಯದ ಹಾಗೆ ಅಡ್ಡ ತಿರುಗಿಸಿಡುವ ಸ್ಯಾಶ್ ಜಾಮರ್ ಅನ್ನೋ ಕೊಂಡಿಯೂ ಅಗ್ಗ. ಅಲ್ಲಿನ ಕಿಟಕಿ ಸಾಮಾನ್ಯವಾಗಿ ಹೊರಕ್ಕೆ ತೆರೆಯುವುದರಿಂದ ಅದನ್ನು ಬಾಗಿಲಿಗೆ ಕೂರಿಸಬೇಕು. ಉದ್ದ ಸ್ಕ್ರೂ ಮಾತ್ರ ಹಾಕಬೇಡಿ, ಗಾಜಿನ ಅಂಚಿಗೆ ತಗುಲಿದರೆ ಗಾಜೇ ಹೋಯಿತು. ಗಾಳಿಗೆ ಅಂತ ಒಂದು ಚೂರು ತೆರೆದು ಲಾಕ್ ಮಾಡುವ ಸೌಲಭ್ಯ ಇದ್ದರೆ, ಕೆಳಮಹಡಿಯಲ್ಲಿ ರಾತ್ರಿ ಅದನ್ನು ನೆಚ್ಚಬೇಡಿ. ಆ ಸಂದಿನಲ್ಲಿ ಮೀಟುಗೋಲು ತೂರುತ್ತದೆ.

ಅತ್ತೆಯವರಿಗೆ ಗ್ರಿಲ್ ಬೇಕು ಅನ್ನಿಸುವುದು ಸಹಜ. ನಮ್ಮೂರಲ್ಲಿ ಗ್ರಿಲ್ ಇಲ್ಲದ ಮನೆಯನ್ನು ಮನೆ ಅಂತಲೇ ಲೆಕ್ಕ ಇಡುವುದಿಲ್ಲ ಅಲ್ವಾ? ಆದರೆ ನಾನಾದರೆ ಮಲಗುವ ಕೋಣೆಗೆ ಹಾಕಿಸುವುದಿಲ್ಲ. ಅಲ್ಲಿನ ಹಳೇ ಮನೆಗಳಲ್ಲಿ ಮೆಟ್ಟಿಲು ಮರದ್ದು, ಮೇಲಿನ ಮಹಡಿಯ ನೆಲವೂ ಬಹುಪಾಲು ಮರದ್ದು. ಬೆಂಕಿ ಬಿದ್ದರೆ ಕಿಟಕಿಯೇ ಗತಿ. ಹಾಗೆ ಪಾರಾಗುವ ಕಿಟಕಿ ಕನಿಷ್ಠ 0.33 ಚದರ ಮೀಟರ್ ತೆರೆಯಬೇಕು, ಅಗಲ-ಎತ್ತರ ಎರಡೂ 450 ಮಿ.ಮೀ.ಗೆ ಕಮ್ಮಿ ಇರಬಾರದು ಅಂತ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿ ಹೇಳುತ್ತದೆ. ಕೀಲಿಯನ್ನೂ ಅದೇ ಕೋಣೆಯಲ್ಲಿ, ಹೊರಗಿನಿಂದ ಕಾಣದ, ಹೊರಗಿನವರ ಕೈಗೆಟುಕದ ಕಡೆ ಇಡಿ. ಮನೆಯವರಿಗೆಲ್ಲ, ಅತ್ತೆ-ಮಾವನಿಗೂ, ಜಾಗ ಗೊತ್ತಿರಲಿ.

ಮುಂದೊಂದು ದಿನ ಪೂರ್ತಿ ಬದಲಾಯಿಸುವುದಾದರೆ ಪಾಸ್ 24 (PAS 24) ಅನ್ನೋ ಭದ್ರತಾ ಮಾನದಂಡದ ಕಿಟಕಿಯೇ ಬೇಕು ಅಂತ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. 2015ರ ಅಕ್ಟೋಬರ್‌ನಿಂದ ಅಲ್ಲಿ ಹೊಸದಾಗಿ ಕಟ್ಟುವ ಮನೆಗಳಲ್ಲಿ ಸುಲಭವಾಗಿ ಕೈಗೆಟುಕುವ ಕಿಟಕಿಗಳಿಗೆ ಇಂಥ ಭದ್ರತೆ ಕಡ್ಡಾಯ. ಹಳೇ ಮನೆಗೆ ಕಿಟಕಿ ಬದಲಾಯಿಸುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.